ಖಾನಾಪುರದ ಮಣ್ಣು, ಜರ್ಮನಿಯ ಬೆಂಚು

ಮನುಷ್ಯನ ಮನಸ್ಸು ಎಷ್ಟು ದೊಡ್ಡದು ಎಂಬುದು ಇನ್ನೊಬ್ಬರ ಏಳಿಗೆಯನ್ನು ಕಂಡಾಗ ತಿಳಿಯುತ್ತದೆ. ಈ ಮಾತನ್ನು ನಾನು ನಮ್ಮ ಕಾಲೇಜಿನ ಬೀಳ್ಕೊಡುಗೆ ಸಮಾರಂಭಗಳಲ್ಲಿ ವರ್ಷ ತಪ್ಪದೆ ಹೇಳುತ್ತ ಬಂದಿದ್ದೆ. ಶಾಲು ಹೊದ್ದುಕೊಂಡು ಕೂತವರು ಅದನ್ನು ಕೇಳಿ ಕಣ್ಣೊರೆಸಿಕೊಂಡದ್ದೂ ಉಂಟು. ಆದರೆ ಏಳಿಗೆ ನಮ್ಮ ಮನೆಯ ಅಡುಗೆಮನೆಗೇ ನುಗ್ಗಿ, ಒಗ್ಗರಣೆ ಹಾಕುತ್ತಿದ್ದ ನನ್ನ ಹೆಂಡತಿಯನ್ನು ಹಿಡಿದುಕೊಂಡ ದಿನದಿಂದ ಆ ಭಾಷಣವನ್ನು ನಿಲ್ಲಿಸಿದ್ದೇನೆ.

ಬೆಳಗಾವಿ

ನಾವಿಬ್ಬರೂ ಬೆಳಗಾವಿಯ ಒಂದು ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದವರು. ನಾನು ವಿಭಾಗದ ಮುಖ್ಯಸ್ಥ. ನನಗೆ ಸ್ವಂತ ಕೋಣೆ, ಸ್ವಂತ ಫ್ಯಾನು, ಬಾಗಿಲ ಮೇಲೆ ಹಿತ್ತಾಳೆಯ ಫಲಕ ಇವೆ. ಸುಜಾತಾ ಇನ್ನು ಮೂವರೊಂದಿಗೆ ಒಂದೇ ಫ್ಯಾನಿನ ಕೆಳಗೆ ಕೂಡುವ ಸಹಪ್ರಾಧ್ಯಾಪಕಿ. ಮನೆಯಲ್ಲಿ ಈ ಶ್ರೇಣಿ ನಡೆಯುವುದಿಲ್ಲವಾದರೂ ಕಾಲೇಜಿನಲ್ಲಿ ಅದರಿಂದ ನನಗೆ ಸಾಕಷ್ಟು ನೆಮ್ಮದಿ ಸಿಗುತ್ತಿತ್ತು.

ಇಟ್ಟಿಗೆ, ಹಂಚು, ಪಿಂಗಾಣಿ ಮುಂತಾದ ಸುಟ್ಟ ಮಣ್ಣಿನ ವಸ್ತುಗಳ ಬಗ್ಗೆ ಇಂಗ್ಲಿಷಿನಲ್ಲಿ ಪಾಠ ಮಾಡಲು ಪ್ರಾಧ್ಯಾಪಕರು ಬೇಕೆಂದು ಜರ್ಮನಿಯ ಒಂದು ಊರಿನ ವಿಶ್ವವಿದ್ಯಾಲಯ ಪ್ರಕಟಣೆ ಕೊಟ್ಟಿತ್ತು. ಊರಿನ ಹೆಸರು ಹೇಳುವುದಿಲ್ಲ. ನನ್ನ ಅರ್ಜಿಯನ್ನು ತಿರಸ್ಕರಿಸಿದ ಊರಿಗೆ ನಾನೇ ಪ್ರಚಾರ ಕೊಡುವಷ್ಟು ಉದಾರಿ ನಾನಲ್ಲ.

ಹೌದು, ಮೊದಲು ಅರ್ಜಿ ಹಾಕಿದವನು ನಾನೇ. ಎರಡು ಭಾನುವಾರ ಕೂತು, ಇಪ್ಪತ್ತಾರು ವರ್ಷಗಳ ನನ್ನ ಸಾಧನೆಯನ್ನು ಹದಿನಾಲ್ಕು ಪುಟಗಳಲ್ಲಿ ಇಳಿಸಿದೆ. ಮುಗಿದ ಮೇಲೆ, ಲ್ಯಾಪ್‌ಟಾಪು ಹೇಗೂ ತೆರೆದೇ ಇದೆಯಲ್ಲ ಎಂದು, ತೊಗರಿಬೇಳೆ ಆರಿಸುತ್ತ ಕೂತಿದ್ದ ಸುಜಾತಾಳಿಗೆ ಹೇಳಿದೆ: "ನೀನೂ ಒಂದು ಹಾಕು. ಜೋಡಿಗಿರ್ಲಿ."

ಆ ಜೋಡಿ ಅರ್ಜಿ ಒಂದೂವರೆ ಪುಟದ್ದು.

ತಿಂಗಳ ನಂತರ ಒಂದೇ ಮುಂಜಾನೆ ಇಬ್ಬರಿಗೂ ಉತ್ತರ ಬಂತು. ನನ್ನದು ಎರಡು ಸಾಲು. ಅದರಲ್ಲಿ ಒಂದೂವರೆ ಸಾಲು ಧನ್ಯವಾದ.

"ಅಲ್ರಿ," ಅಡುಗೆಮನೆಯಿಂದ ಕೂಗಿದಳು, "ಇದರಾಗ ಏನೋ ಪಾಠ ಮಾಡಿ ತೋರಸ್ರಿ ಅಂತ ಬರದಾರ. ನಿಮಗೂ ಹಂಗ ಬಂದೈತೇನು?"

"ನಂದು ಬ್ಯಾರೆ ನಮೂನಿ ಬಂದೈತಿ," ಎಂದೆ.

ಕಾರಣ ಪ್ರಕಟಣೆಯಲ್ಲೇ ಇತ್ತು, ನಾನು ಓದಿರಲಿಲ್ಲ. ಆ ದೇಶದಲ್ಲಿ ಇಂಥ ಹುದ್ದೆಗೆ ಬರುವವರು ಕಾಲೇಜಿನ ಹೊರಗೆ, ಕೆಲಸದ ಜಾಗದಲ್ಲಿ, ಕನಿಷ್ಠ ಮೂರು ವರ್ಷ ದುಡಿದಿರಬೇಕಂತೆ. ನಾನು ವಿದ್ಯಾರ್ಥಿಯ ಬೆಂಚಿನಿಂದ ಎದ್ದು ನೇರವಾಗಿ ಅಧ್ಯಾಪಕರ ಕುರ್ಚಿಯಲ್ಲಿ ಕೂತವನು. ಕಾಲೇಜಿನ ಹೊರಗೆ ನನ್ನ ಅನುಭವವೆಂದರೆ ಗೇಟಿನ ಎದುರಿನ ಚಹಾದಂಗಡಿ. ಸುಜಾತಾ ಮಾತ್ರ ಮದುವೆಗೆ ಮುಂಚೆ ಐದು ವರ್ಷ ಖಾನಾಪುರದಲ್ಲಿ ತಂದೆಯ ಹಂಚಿನ ಕಾರಖಾನೆಯಲ್ಲಿ ಮಣ್ಣು ಕಲಸುವುದರಿಂದ ಹಿಡಿದು ಭಟ್ಟಿಯ ಉರಿ ನೋಡುವವರೆಗೆ ಎಲ್ಲವನ್ನೂ ಮಾಡಿದ್ದಳು. ಹೆಣ್ಣು ನೋಡಲು ಹೋದಾಗ ಈ ಐದು ವರ್ಷಗಳನ್ನು ನಾನು ದೊಡ್ಡ ಮನಸ್ಸಿನಿಂದ ಲೆಕ್ಕಕ್ಕೆ ಹಿಡಿದಿರಲಿಲ್ಲ. ಜರ್ಮನರು ಅದನ್ನೇ ಹಿಡಿದರು.

ಬಂದ ಪತ್ರದಲ್ಲಿ ಎಲ್ಲ ಸ್ಪಷ್ಟವಿತ್ತು. ಎರಡನೆಯ ವರ್ಷದ ವಿದ್ಯಾರ್ಥಿಗಳಿಗೆ ನಲವತ್ತೈದು ನಿಮಿಷದ ಪಾಠ, ಎದುರಿಗೆ ಆಯ್ಕೆ ಸಮಿತಿ. ವಿಷಯ ಅವರೇ ಕೊಟ್ಟಿದ್ದರು: ಮಣ್ಣು ಒಣಗುವಾಗ ಏಕೆ ಬಿರಿಯುತ್ತದೆ. ಪಾಠಕ್ಕೆ ಯಾರು ಬೇಕಾದರೂ ಬಂದು ಕೂಡಬಹುದು, ಆಮೇಲಿನ ಸಂದರ್ಶನ ಮಾತ್ರ ಬಾಗಿಲು ಹಾಕಿಕೊಂಡು.

"ನೀ ಒಬ್ಬಾಕೆ ಅಷ್ಟು ದೂರ ಹ್ಯಾಂಗ ಹೋಗ್ತಿ? ನಾನೂ ಬರ್ತೀನಿ," ಎಂದೆ.

"ಮುಂಬೈದಾಗ ಒಂದು ವಿಮಾನ ಇಳದು ಇನ್ನೊಂದು ಹತ್ತೂದು. ಅದರಾಗ ಏನ್ ಐತಿ?" ಎಂದವಳು ಒಂದು ಕ್ಷಣ ನನ್ನ ಮುಖ ನೋಡಿದಳು. "ಆತು ಬರ್ರಿ. ಚೀಲ ಹಿಡ್ಯಾಕ ಒಬ್ಬರು ಬೇಕ ಬೇಕು."

ಅಲ್ಲಿ ಯಾವ ಕುರ್ಚಿ ನನಗೆ ತಪ್ಪಿತು, ಅದರಲ್ಲಿ ಅವಳು ಹೇಗೆ ಕೂಡುತ್ತಾಳೆ ಎಂಬುದನ್ನು ಕಣ್ಣಾರೆ ನೋಡಿ ಸಂಕಟಪಡಬೇಕೆಂದೇ ನಾನು ಹೊರಟಿದ್ದೆ. ಮಂದಿ ಇದಕ್ಕಿಂತ ಸಣ್ಣ ಕಾರಣಕ್ಕೂ ವಿದೇಶಕ್ಕೆ ಹೋಗಿ ಬಂದಿದ್ದಾರೆ.

ಖಾನಾಪುರ

ಹೊರಡುವ ಮುಂಚಿನ ಭಾನುವಾರ ಮಣ್ಣು ತರಲು ಖಾನಾಪುರಕ್ಕೆ ಹೋದೆವು. ಜರ್ಮನಿಯಲ್ಲಿ ಮಣ್ಣಿಲ್ಲವೇ ಎಂದು ನಾನು ಕೇಳಿದ್ದಕ್ಕೆ ಸುಜಾತಾ, "ಇರತೈತಿ. ಆದ್ರ ಅದರ ಸ್ವಭಾವ ನನಗ ಗೊತ್ತಿಲ್ಲಲ್ಲ," ಎಂದಿದ್ದಳು.

ಮಾವನವರು ತೀರಿಕೊಂಡ ಮೇಲೆ ಕಾರಖಾನೆ ಸಣ್ಣದಾಗಿದೆ. ಈಗ ಅದನ್ನು ನಡೆಸುವವರು ನಮ್ಮ ಅತ್ತೆ ಮತ್ತು ಮೂವತ್ತೈದು ವರ್ಷದಿಂದ ಅಲ್ಲೇ ಇರುವ ಯಲ್ಲಪ್ಪ. ಅತ್ತೆ ಮರಾಠಿಯಲ್ಲಿ ವ್ಯಾಪಾರ ಮಾಡುತ್ತಾರೆ, ಕನ್ನಡದಲ್ಲಿ ಬೈಯುತ್ತಾರೆ, ಎರಡನ್ನೂ ಕಾಲ ಮೇಲೆ ಕಾಲು ಹಾಕಿ ಹೊರಸಿನ ಮೇಲೆ ಕೂತೇ ಮಾಡುತ್ತಾರೆ.

"ಅಳಿಯಾರ," ಚಹಾ ಕೊಡುತ್ತ ಕೇಳಿದರು, "ಸುಜಾತಾನ ಕರದಾರಂತ ಖುಷಿ ಆತು. ನಿಮ್ಮನ್ನೇನು ಕೇಳಲಿಲ್ಲೇನು ಅವರು?"

"ಕೇಳಿದ್ರು ಅತ್ತಿಯಾರ," ಎಂದೆ. ಕಪ್ಪು ಬಸಿಯಲ್ಲಿತ್ತು, ಬಾಯಿ ನನ್ನ ಹಿಡಿತದಲ್ಲಿರಲಿಲ್ಲ. "ನಾನ ಒಲ್ಲೆ ಅಂದೆ. ಆಕಿಗೆ ಸಿಗ್ಲಿ ಅಂತ."

ಸುಜಾತಾ ಅಲ್ಲೇ ಮಣ್ಣು ಜರಡಿ ಹಿಡಿಯುತ್ತಿದ್ದಳು. ಜರಡಿ ಒಂದು ಕ್ಷಣ ನಿಂತಿತು, ಮತ್ತೆ ಆಡಿತು.

ನಾವು ಅಂದು ಸಂಜೆ ಬಸ್ ಸ್ಟ್ಯಾಂಡಿಗೆ ನಡೆದು ಹೋಗುವಷ್ಟರಲ್ಲಿ ಪೇಟೆಯ ಕಿರಾಣಿ ಅಂಗಡಿಯವನು ಎದ್ದು ಬಂದು ನನಗೆ ಕೈಮುಗಿದ. "ಸರ್ರ, ನಿಮ್ಮಂಥವರು ಇರಬೇಕ್ರಿ. ಹೆಂಡ್ತಿ ಸಲುವಾಗಿ ಇಷ್ಟ ದೊಡ್ಡ ನೌಕರಿ ಬಿಟ್ಟಿರಿ." ತ್ಯಾಗ ಇಷ್ಟು ಸುಲಭವೆಂದು ತಿಳಿದಿದ್ದರೆ ನಾನು ಇನ್ನೂ ಹಲವು ಹುದ್ದೆಗಳನ್ನು ಬಿಟ್ಟುಬಿಡುತ್ತಿದ್ದೆ.

ಅದಕ್ಕೂ ಮುಂಚೆ, ಮಧ್ಯಾಹ್ನ, ಅಂಗಳದಲ್ಲಿ ಪಾಠದ ತಾಲೀಮು ನಡೆದಿತ್ತು. ಶ್ರೋತೃಗಳು ಹೊರಸಿನ ಮೇಲೆ ಅತ್ತೆ, ಹಂಚಿನ ಅಚ್ಚನ್ನು ಬೋರಲು ಹಾಕಿ ಕೂತ ಯಲ್ಲಪ್ಪ, ಬೇವಿನ ಗಿಡದ ನೆರಳಿನಲ್ಲಿ ನಾನು. ಸುಜಾತಾ ಅಂಗೈ ಅಗಲದ ಎರಡು ಹಸಿ ಹಂಚು ತಟ್ಟಿ, ಬಿಸಿಲಿನಲ್ಲಿದ್ದ ಇಟ್ಟಿಗೆಗಳ ಮೇಲಿಟ್ಟಳು. ಒಂದರ ಅಂಚಿಗೆ ಸುತ್ತಲೂ ಒದ್ದೆ ಬಟ್ಟೆ ಹಾಸಿದಳು, ಇನ್ನೊಂದನ್ನು ಹಾಗೇ ಬಿಟ್ಟಳು.

"ಯಲ್ಲಪ್ಪಕಾಕಾ, ಬಟ್ಟಿ ಯಾಕ ಹಾಕ್ತೀವಿ ಹೇಳ್ರಿ. ಅಲ್ಲಿ ಹುಡುಗರಿಗೆ ನಿಮ್ಮ ಮಾತಿನಾಗ ಹೇಳ್ತೀನಿ."

"ಅದರಾಗೇನೈತ್ರಿ ಅಕ್ಕಾರ. ಅಂಚು ಮದಲ ಒಣಗತೈತಿ. ಒಣಗಿ ಸಣ್ಣಾಗಾಕ ನೋಡತೈತಿ. ನಡು ಇನ್ನೂ ಹಸಿ ಇರತೈತಿ, ಅದು ಜಾಗಾ ಬಿಡೂದಿಲ್ಲ. ಇದು ಜಗ್ಗತೈತಿ, ಅದು ಒಲ್ಲೆ ಅಂತೈತಿ. ಬಿರೀಲಾರದ ಏನ್ ಮಾಡೀತು? ಅದಕ ಅಂಚಿಗಿ ಹಸಿ ಗೋಣಿ ಹಾಕಿ ಎರಡೂ ಕೂಡಿ ಒಣಗೂಹಂಗ ಮಾಡತೀವಿ."

ಇದನ್ನೇ ನಾನು ಇಪ್ಪತ್ತು ವರ್ಷದಿಂದ ಎರಡು ಸಮೀಕರಣ ಮತ್ತು ಒಂಬತ್ತು ಸ್ಲೈಡುಗಳಲ್ಲಿ ಕಲಿಸುತ್ತಿದ್ದೇನೆ. ಒಬ್ಬ ವಿದ್ಯಾರ್ಥಿಗೂ ಅರ್ಥವಾದ ಕುರುಹಿಲ್ಲ. ಯಲ್ಲಪ್ಪ ನನ್ನ ಕಡೆ ತಿರುಗಿದ.

"ಸಾಹೇಬ್ರ, ನೀವೂ ಮಣ್ಣಿನ ಪಾಠ ಕಲಿಸ್ತೀರಂತಲ್ಲ?"

"ಹೂಂ."

"ಎಂದರ ಮುಟ್ಟಿ ನೋಡೀರೇನ್ರಿ?"

ಅಷ್ಟರಲ್ಲಿ ಬಟ್ಟೆಯಿಲ್ಲದ ಹಂಚು ಅಂಚಿನಿಂದ ನಡುವಿನವರೆಗೆ ಬಿರಿಯಿತು. ಎಲ್ಲರೂ ಅದನ್ನು ನೋಡಲು ಬಾಗಿದ್ದರಿಂದ ನಾನು ಉತ್ತರ ಕೊಡುವುದು ತಪ್ಪಿತು.

ಬಸ್ಸು ಹತ್ತುವ ಮುಂಚೆ ಅತ್ತೆಯವರ ಆಜ್ಞೆಗಳಾದವು. ಮೊದಲನೆಯದು, ಬೆಳಗಾವಿ ಕೋಟೆಯೊಳಗಿನ ಬಸದಿಗೆ ಹೋಗಿ ಕೈಮುಗಿದೇ ವಿಮಾನ ಹತ್ತಬೇಕು. ಎರಡನೆಯದು, ಅಲ್ಲಿ ಆಲೂಗಡ್ಡೆ ಬಿಟ್ಟು ಬೇರೇನೂ ಸಿಗುವುದಿಲ್ಲವಂತೆ, ಆದರೂ ತಿನ್ನಕೂಡದು. ಮೂರನೆಯದು, "ಎಲ್ಲೆ ಇದ್ರೂ ಹೊತ್ತು ಮುಣುಗೂದ್ರಾಗ ಉಣ್ರಿ. ಜೈನರ ಮನ್ಯಾನ ಮಂದಿ ಅನ್ನೂದು ಮರೀಬ್ಯಾಡ್ರಿ."

ಕಸ್ಟಮ್ಸ್ ಕಟ್ಟೆ

ಜರ್ಮನಿಯಲ್ಲಿ ನಾವು ಕಂಡ ಮೊದಲ ಮನುಷ್ಯ ಕಸ್ಟಮ್ಸ್ ಅಧಿಕಾರಿ. ಅವನು ಸುಜಾತಾಳ ಚೀಲದಿಂದ ಎರಡು ಕಿಲೋ ಕೆಂಪು ಪುಡಿಯ ಪೊಟ್ಟಣ ಎತ್ತಿ ಕಟ್ಟೆಯ ಮೇಲಿಟ್ಟ. ಮುಗಿಯಿತು, ಇಲ್ಲಿಂದಲೇ ವಾಪಸ್ಸು ಎಂದುಕೊಂಡೆ. ನನಗೆ ಆದ ದುಃಖ ನಾನು ನಿರೀಕ್ಷಿಸಿದ್ದಕ್ಕಿಂತ ಬಹಳ ಕಡಿಮೆಯಿತ್ತು.

ಸುಜಾತಾ ಕಾಲೇಜಿನ ಲೆಟರ್‌ಹೆಡ್ಡಿನ ಪತ್ರ ತೆಗೆದಳು. ಇದು ಬೇರು, ಬೀಜ, ಗೊಬ್ಬರ ಯಾವುದೂ ಇಲ್ಲದ, ಪ್ರಯೋಗಕ್ಕಾಗಿ ಕಾಯಿಸಿ ಜರಡಿ ಹಿಡಿದ ಜೇಡಿ ಎಂದು ಅದರಲ್ಲಿತ್ತು. ಕೆಳಗೆ ಸಹಿ ನನ್ನದೇ. ಅವಳು ಅಷ್ಟಕ್ಕೇ ಬಿಡದೆ ಒಂದು ಚಿಟಿಕೆ ಪುಡಿಗೆ ಬಾಟಲಿಯ ನೀರು ಹಾಕಿ, ಬೆರಳಲ್ಲಿ ಮಿದ್ದು, ಅಧಿಕಾರಿಯ ಕೈಗೇ ಕೊಟ್ಟಳು. ಅವನು ಒತ್ತಿದ, ಮೂಸಿದ. ತನ್ನ ಅಜ್ಜಿಯ ಮನೆಯಲ್ಲಿ ಬಣ್ಣದ ಹಂಚು ಹಚ್ಚಿದ ದೊಡ್ಡ ಒಲೆಯಿತ್ತೆಂದೂ ಚಳಿಗಾಲದಲ್ಲಿ ಬೆಕ್ಕು ಅದಕ್ಕೆ ಬೆನ್ನು ಹಚ್ಚಿ ಮಲಗುತ್ತಿತ್ತೆಂದೂ ಹೇಳತೊಡಗಿದ. ನಮ್ಮ ಹಿಂದೆ ಸಾಲು ಬೆಳೆಯಿತು. ಸಾಲಿನವರೂ ಕುತ್ತಿಗೆ ಚಾಚಿ ಕೇಳಿದರು. ಪೊಟ್ಟಣ ಪಾಸಾಯಿತು.

"ನೀವು?" ಎಂದು ನನ್ನನ್ನು ಕೇಳಿದ.

"ನಾನು ಇವರ ವಿಭಾಗದ ಮುಖ್ಯಸ್ಥ."

ಅವನಿಗೆ ಅದರಿಂದ ಏನೂ ಆಗಲಿಲ್ಲ. ನನ್ನ ಚೀಲ ತೆಗೆಸಿದ. ಅದರಲ್ಲಿ ಸಮಿತಿಯವರಿಗೆಂದು ನಾನು ಹೊತ್ತು ತಂದಿದ್ದ ಒಂದು ಕಿಲೋ ಬೆಳಗಾವಿ ಕುಂದಾ ಇತ್ತು. ಹೊರದೇಶದ ಹಾಲಿನ ಪದಾರ್ಥ ಒಳಗೆ ಬಿಡುವುದಿಲ್ಲವಂತೆ. ಕೈಗವಸು ಹಾಕಿಕೊಂಡು ಎರಡು ಬೆರಳಲ್ಲಿ ಡಬ್ಬಿ ಎತ್ತಿ ಹಿಂದಿನ ಕಬ್ಬಿಣದ ಪೆಟ್ಟಿಗೆಗೆ ಹಾಕಿದ.

ಅವಳ ಮಣ್ಣನ್ನು ಬರಮಾಡಿಕೊಂಡು ನನ್ನ ಕುಂದಾವನ್ನು ಕಸಕ್ಕೆ ಹಾಕಿದ ದೇಶದ ಬಗ್ಗೆ ನಾನು ನಿಷ್ಪಕ್ಷಪಾತವಾಗಿ ಬರೆಯುತ್ತೇನೆಂದು ಓದುಗರು ನಂಬಬಾರದು.

ಊರಿನಲ್ಲಿ ಎರಡು ದಿನ

ಊರು ಸಣ್ಣದು. ಸದ್ದಿಲ್ಲ. ಬೆಳಗಾವಿಯ ನಮ್ಮ ಟಿಳಕವಾಡಿಯಲ್ಲಿ ಒಂದು ಮದುವೆಯ ಬ್ಯಾಂಡು ಎಬ್ಬಿಸುವ ಸದ್ದನ್ನು ಈ ಊರು ಹತ್ತು ವರ್ಷ ಮಿತವಾಗಿ ಬಳಸಬಹುದು. ನಡೆದು ಹೋಗುವವರಿಗೂ ಇಲ್ಲಿ ಕೆಂಪು ದೀಪ ಉಂಟು. ಕಣ್ಣಿಗೆ ಕಾಣುವಷ್ಟು ದೂರ ಒಂದು ವಾಹನವಿಲ್ಲದಿದ್ದರೂ ಜನ ದೀಪದ ಎದುರು ಕಾಯುತ್ತ ನಿಂತಿರುತ್ತಾರೆ.

ಅತ್ತೆಯವರ ಮೂರನೆಯ ಆಜ್ಞೆ ಮಾತ್ರ ಇಷ್ಟು ಸುಲಭವಾಗಿ ಪಾಲನೆಯಾಗುವ ದೇಶ ಇನ್ನೊಂದಿರಲಾರದು. ಬೇಸಿಗೆಯಾದ್ದರಿಂದ ರಾತ್ರಿಯೂಟವನ್ನು ಒಂಬತ್ತು ಗಂಟೆಗೆ ಮುಗಿಸಿ ಹೊರಬಂದರೂ ಸೂರ್ಯ ಚರ್ಚಿನ ಗೋಪುರದ ಪಕ್ಕ ನಿಂತೇ ಇದ್ದ. ಖಾನಾಪುರದಲ್ಲಿ ಆರೂವರೆಗೆ ಗಡಿಬಿಡಿಯಲ್ಲಿ ರೊಟ್ಟಿ ನುಂಗುವ ನಾವು ಇಲ್ಲಿ ಧರ್ಮಕ್ಕೆ ಧಕ್ಕೆಯಿಲ್ಲದೆ ಎರಡು ಸಲ ಉಣ್ಣಬಹುದಾಗಿತ್ತು. ಎರಡನೆಯ ಆಜ್ಞೆ ಮೊದಲ ಮಧ್ಯಾಹ್ನವೇ ಮುರಿಯಿತು. ತಟ್ಟೆಯಲ್ಲಿ ಆಲೂಗಡ್ಡೆಯನ್ನು ಬಿಟ್ಟರೆ ಉಳಿಯುತ್ತಿದ್ದುದು ತಟ್ಟೆ.

ಮರುದಿನ ಮಳೆ ಹಿಡಿಯಿತು. ಪಾಠ ಅದರ ಮರುದಿನ. ಸುಜಾತಾ ಹೋಟೆಲಿನ ಬಚ್ಚಲುಮನೆಯಲ್ಲಿ ಮಣ್ಣು ಕಲಸಿ, ಕನ್ನಡಿಯ ಕೆಳಗಿನ ಗಾಜಿನ ಹಲಗೆಯ ಮೇಲೆ ಎರಡು ಹಂಚು ತಟ್ಟಿಟ್ಟಳು. ಬಿಸಿಲಿನ ಬದಲು ಕೂದಲು ಒಣಗಿಸುವ ಯಂತ್ರ. ಅದನ್ನು ಹಿಡಿದು ನಿಲ್ಲುವ ಕೆಲಸ ವಿಭಾಗದ ಮುಖ್ಯಸ್ಥರದು.

ಒಂದು ತಾಸು ಹಿಡಿದೆ. ಹಂಚು ಬಿರಿಯಲಿಲ್ಲ. ಇನ್ನೆರಡು ತಟ್ಟಿದಳು. ಮತ್ತೊಂದು ತಾಸು. ಒಣಗಿ ಬಣ್ಣ ತಿರುಗಿತು, ಸಣ್ಣದಾಯಿತು, ಗೆರೆ ಕೂಡ ಬೀಳಲಿಲ್ಲ.

ಸುಜಾತಾ ಟಬ್ಬಿನ ಅಂಚಿನ ಮೇಲೆ ಕೂತಳು. ಮೊಣಕೈವರೆಗೂ ಮಣ್ಣು.

"ನಾಳಿಗಿ ಇದು ಬಿರೀಲಿಲ್ಲಂದ್ರ ನಾ ಏನ್ ತೋರಸ್ಲಿ? ಪಾಠಾನ ಇದರ ಮ್ಯಾಲ ಐತಿ. ಹಿಂಗ್ಯಾಕ ಆಗಾಕತ್ತೈತ್ರಿ?"

ನನಗೆ ಕಾರಣ ಗೊತ್ತಿತ್ತು. ಮಣ್ಣು ಬಿರಿಯಬೇಕಾದರೆ ಅದನ್ನು ಕೆಳಗಿನಿಂದ ಏನಾದರೂ ಹಿಡಿದಿರಬೇಕು. ಖಾನಾಪುರದಲ್ಲಿ ಒರಟು ಇಟ್ಟಿಗೆ ಹಿಡಿದಿತ್ತು. ಇಲ್ಲಿ ನುಣುಪು ಗಾಜಿನ ಮೇಲೆ ಹಂಚು ಜಾರಿಕೊಂಡು ನೆಮ್ಮದಿಯಾಗಿ ಸಣ್ಣದಾಗುತ್ತಿತ್ತು. ನನ್ನ ಒಂಬತ್ತು ಸ್ಲೈಡುಗಳಲ್ಲಿ ಏಳನೆಯದು ಇದೇ.

"ಹವಾ ಹಸಿ ಐತಲ್ಲ, ಅದಕ ಇರಬೇಕು," ಎಂದೆ.

ಇಪ್ಪತ್ತಾರು ವರ್ಷಗಳ ಅಧ್ಯಾಪನದಲ್ಲಿ ನನಗೆ ಉತ್ತರ ಗೊತ್ತಿದ್ದೂ ಕೊಡದೆ ಇದ್ದದ್ದು ಅದೊಂದೇ ಸಲ. ಆ ಗೌಪ್ಯ ಎರಡೂವರೆ ನಿಮಿಷ ಬಾಳಿತು. ಸುಜಾತಾ ಕೈ ತೊಳೆದು ಖಾನಾಪುರಕ್ಕೆ ಫೋನು ಹಚ್ಚಿದಳು.

"ಅಕ್ಕಾರ, ಎದರ ಮ್ಯಾಲ ಇಟ್ಟೀರಿ?" ಯಲ್ಲಪ್ಪನ ದನಿ ಬಚ್ಚಲುಮನೆಯ ತುಂಬ ಕೇಳಿತು. "ಗಾಜಿನ ಮ್ಯಾಲೇನು? ಜಾರಿ ಹೊಕ್ಕೈತಲ್ರಿ ಅದು. ಖರಬರಾ ಇಟ್ಟಂಗಿ ಮ್ಯಾಲ ಇಟ್ಟು ನೋಡ್ರಿ, ಹ್ಯಾಂಗ ಬಿರಿಯೂದಿಲ್ಲ."

ಫೋನು ಕೆಳಗಿಟ್ಟು ನನ್ನ ಕಡೆ ನೋಡಿದಳು.

"ಇದು ನಿಮ್ಮ ಸ್ಲೈಡಿನಾಗ ಐತಲ್ಲ."

"ಹೌದಲ್ಲ. ನೆನಪಾಗ್ಲಿಲ್ಲ ನೋಡು."

ಅವಳು ಕೊಡೆಯನ್ನು ನನ್ನ ಕೈಗೆ ಕೊಟ್ಟಳು. ಇಟ್ಟಿಗೆ ಹುಡುಕಲು ಹೊರಟೆ.

ಖಾನಾಪುರದಲ್ಲಿ ಇಟ್ಟಿಗೆ ಬೇಕಾದರೆ ಬಗ್ಗಿದರೆ ಸಾಕು. ಈ ಊರಿನಲ್ಲಿ ಬಿದ್ದಿರುವ ಇಟ್ಟಿಗೆ ಎಂಬುದೇ ಇಲ್ಲ. ನಾಲ್ಕು ಬೀದಿ ಸುತ್ತಿದ ಮೇಲೆ ಕಟ್ಟುತ್ತಿದ್ದ ಮನೆಯೊಂದು ಸಿಕ್ಕಿತು. ಮೇಸ್ತ್ರಿಗೆ ಇಂಗ್ಲಿಷ್ ಬಾರದು. ನಾನು ಕೈಯಲ್ಲಿ ಇಟ್ಟಿಗೆಯ ಆಕಾರ ಮಾಡಿ, ಎದೆ ಮುಟ್ಟಿಕೊಂಡು, "ಪ್ರೊಫೆಸರ್" ಎಂದೆ. ಅವನು ಬಹಳ ಮರುಕದಿಂದ ಎರಡು ಇಟ್ಟಿಗೆ ಕೊಟ್ಟ.

ಎರಡು ಕೈಯಲ್ಲಿ ಎರಡು ಇಟ್ಟಿಗೆ, ಕಂಕುಳಲ್ಲಿ ಮುಚ್ಚಿದ ಕೊಡೆ. ಕೆಂಪು ದೀಪದ ಎದುರು ಬಂದು ನಿಂತೆ. ಹಸಿರು ಬರಬೇಕಾದರೆ ಕಂಬದ ಗುಂಡಿ ಒತ್ತಬೇಕು, ಒತ್ತಲು ಕೈ ಖಾಲಿಯಿಲ್ಲ. ಇಟ್ಟಿಗೆಯನ್ನು ನೆಲಕ್ಕಿಡಬಹುದಿತ್ತೆಂದು ಈಗ ಹೊಳೆಯುತ್ತದೆ. ಆಗ ಹೊಳೆಯಲಿಲ್ಲ. ಒಂದೂ ವಾಹನವಿಲ್ಲದ ರಸ್ತೆಯ ಪಕ್ಕ, ಮಳೆಯಲ್ಲಿ, ಹೆಂಡತಿಯ ಏಳಿಗೆಗೆ ಬೇಕಾದ ಸಾಮಗ್ರಿ ಹಿಡಿದು ಬಹಳ ಹೊತ್ತು ನಿಂತೆ. ಕಡೆಗೆ ನಾಯಿ ಹಿಡಿದು ಬಂದ ಒಬ್ಬ ಅಜ್ಜಿ ಗುಂಡಿ ಒತ್ತಿದಳು.

ಆ ಇಟ್ಟಿಗೆಯ ಮೇಲೆ ಹಂಚು ಮೂವತ್ತೈದನೆಯ ನಿಮಿಷಕ್ಕೆ ಬಿರಿಯಿತು.

ಪಾಠದ ಕೋಣೆ

ಕೋಣೆ ಮೆಟ್ಟಿಲು ಮೆಟ್ಟಿಲಾಗಿತ್ತು. ಮುಂದಿನ ಸಾಲಿನಲ್ಲಿ ಸಮಿತಿಯ ಏಳು ಜನ, ನಡುವೆ ಇಪ್ಪತ್ತು ವಿದ್ಯಾರ್ಥಿಗಳು, ಕಟ್ಟಕಡೆಯ ಬೆಂಚಿನಲ್ಲಿ ನಾನು. ಸಮಿತಿಯ ಅಧ್ಯಕ್ಷೆ ಬಿಳಿಗೂದಲಿನ ಎತ್ತರದ ಹೆಂಗಸು. ಮುಖದ ಮೇಲೆ ಯಾವ ಭಾವನೆಯನ್ನೂ ವ್ಯರ್ಥವಾಗಿ ಖರ್ಚು ಮಾಡುವವರಲ್ಲ.

ಸುಜಾತಾ ಇಳಕಲ್ ಸೀರೆಯುಟ್ಟು ಬಂದಳು. ಹೆಸರು ಹೇಳಿದಳು, ಎರಡು ಹಂಚುಗಳನ್ನು ಇಟ್ಟಿಗೆಯ ಮೇಲಿಟ್ಟು, ಒಂದರ ಅಂಚಿಗೆ ಒದ್ದೆ ಬಟ್ಟೆ ಹಾಸಿ, ಕೂದಲು ಒಣಗಿಸುವ ಯಂತ್ರ ಚಾಲೂ ಮಾಡಿದಳು, ಉಳಿದ ಹಸಿ ಮಣ್ಣನ್ನು ಮುದ್ದೆ ಮಾಡಿ ಒಬ್ಬರಿಂದೊಬ್ಬರಿಗೆ ದಾಟಿಸಲು ಕೊಟ್ಟಳು. ಸಮಿತಿಯವರೂ ಹಿಡಿಯಬೇಕಾಯಿತು. ಯಾವುದು ಬಿರಿಯುತ್ತದೆ ಹೇಳಿ ಎಂದು ಕೈ ಎತ್ತಿಸಿದಳು. ಹೆಚ್ಚಿನವರು ತಪ್ಪು ಹೇಳಿದರು. ಯಾಕೆ ಹಾಗನ್ನಿಸಿತು ಎಂದು ಅವರನ್ನೇ ಕೇಳಿದಳು. ಸ್ಲೈಡು ಒಂದೂ ಇಲ್ಲ.

"ಇದನ್ನು ನನಗೆ ಕಲಿಸಿದವರು ಯಲ್ಲಪ್ಪ ಎನ್ನುವವರು, ನಮ್ಮ ತಂದೆಯ ಕಾರಖಾನೆಯಲ್ಲಿ," ಎಂದಳು ಇಂಗ್ಲಿಷಿನಲ್ಲಿ. ಇಪ್ಪತ್ತು ಜರ್ಮನ್ ಹುಡುಗ ಹುಡುಗಿಯರು ಯಲ್ಲಪ್ಪನ ಹೆಸರು ಬರೆದುಕೊಂಡರು. ನನ್ನ ಹೆಸರು ಬರಲಿಲ್ಲ. ಏಳನೆಯ ಸ್ಲೈಡಿನ ಪ್ರಸ್ತಾಪವೂ ಬರಲಿಲ್ಲ. ನಾನು ಮಣ್ಣಿನ ಮುದ್ದೆ ಹಿಂದಿನ ಬೆಂಚಿಗೆ ಬರಬಹುದೆಂದು ಕಾದೆ. ಅದೂ ನಡುವಿನಿಂದಲೇ ತಿರುಗಿ ಹೋಯಿತು.

ಮೂವತ್ತೆಂಟನೆಯ ನಿಮಿಷದಲ್ಲಿ ಹಂಚು ಬಿರಿಯಿತು. ಅವಳು ಎರಡನ್ನೂ ಎತ್ತಿ ತೋರಿಸಿ, ಕಾರಣವನ್ನು ನಾಲ್ಕು ವಾಕ್ಯದಲ್ಲಿ ಹಲಗೆಯ ಮೇಲೆ ಬರೆದು, ಸೀಮೆಸುಣ್ಣ ಕೆಳಗಿಟ್ಟಳು.

ಆಗ ಬೆಂಚು ಬಡಿಯುವ ಸದ್ದು ಶುರುವಾಯಿತು.

ಮೊದಲು ಒಬ್ಬ, ಆಮೇಲೆ ಇಡೀ ಸಾಲು, ಆಮೇಲೆ ಎಲ್ಲರೂ, ಗೆಣ್ಣು ಮಡಚಿ, ಟಕಟಕಟಕ ಎಂದು. ಬೆಳಗಾವಿಯ ಕಾಲೇಜಿನಲ್ಲಿ ಒಂದು ದಿನ ಪಾಠ ಮಾಡಿದವರಿಗೂ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಬೆಂಚು ಬಡಿದರೆ, ಸಾಕು ಮಾಡಿ ಹೊರಗೆ ನಡೆಯಿರಿ ಎಂದರ್ಥ. ನನಗೆ ಅದರ ಅನುಭವ ದೀರ್ಘವಾಗಿದೆ.

ಮೊದಲ ನಾಲ್ಕೈದು ಬಡಿತ ನನಗೆ ಪರಮಾನಂದ ಕೊಟ್ಟವು. ಇದನ್ನು ಮುಚ್ಚಿಡುವುದಿಲ್ಲ. ಇಷ್ಟು ದೂರ ಬಂದದ್ದು ಸಾರ್ಥಕವಾಯಿತು ಎಂದುಕೊಂಡೆ. ಆಮೇಲೆ ಸುಜಾತಾಳ ಮುಖ ಕಂಡಿತು. ಅವಳು ಮೇಜಿನ ಅಂಚು ಹಿಡಿದು ನಿಂತಿದ್ದಳು, ಬಣ್ಣ ಇಳಿದುಹೋಗಿತ್ತು. ಆ ಮುಖವನ್ನು ನಾನು ಹಿಂದೆ ಇನ್ನೊಂದು ಸಲ ನೋಡಿದ್ದೆ.

ಅವಳು ನಮ್ಮ ಕಾಲೇಜಿಗೆ ಸೇರಿದ ಮೊದಲ ದಿನ ಅದು. ಮದುವೆಯಾಗಿ ವರ್ಷವಾಗಿತ್ತು. ಹುಡುಗರು ಹತ್ತನೆಯ ನಿಮಿಷಕ್ಕೇ ಬೆಂಚು ಬಡಿಯತೊಡಗಿದರು. ನಾನು ಹೊರಗೆ ಕಾರಿಡಾರಿನಲ್ಲಿದ್ದೆ. ಒಳಗೆ ಹೋಗಿ ಒಂದು ಮಾತು ಅಂದಿದ್ದರೆ ಸಾಕಿತ್ತು. ಹೋಗಲಿಲ್ಲ. ಪಾಠ ಮಾಡುವುದು ಹಂಚು ಸುಟ್ಟ ಹಾಗಲ್ಲ, ತಾನೇ ತಿಳಿಯಲಿ ಎಂದುಕೊಂಡು, ಕಿಟಕಿಯಿಂದ ಒಂದು ಸಲ ನೋಡಿ ನಡೆದೆ. ಸಂಜೆ ಅವಳು, "ನಿಮಗೇನರ ಕೇಳಸ್ತೇನ್ರಿ?" ಎಂದು ಕೇಳಿದಳು. "ಇಲ್ಲ," ಎಂದಿದ್ದೆ.

ಈ ಸಲ ಎದ್ದು ನಿಂತೆ.

"ಸೈಲೆನ್ಸ್."

ಇಪ್ಪತ್ತಾರು ವರ್ಷ ಪಳಗಿದ ದನಿ ಅದು. ನಮ್ಮಲ್ಲಿ ಅದಕ್ಕೆ ಪಕ್ಕದ ಮೆಕ್ಯಾನಿಕಲ್ ವಿಭಾಗವೂ ಸುಮ್ಮನಾಗುತ್ತದೆ. ಇಲ್ಲಿ ಗಾಳಿಯೂ ನಿಂತ ಹಾಗಾಯಿತು. ಇಪ್ಪತ್ತೇಳು ತಲೆಗಳು ಒಟ್ಟಿಗೆ ಹಿಂದಕ್ಕೆ ತಿರುಗಿದವು.

"ಅವರು ಇನ್ನೂ ಮುಗಿಸಿಲ್ಲ. ಮುಗಿಸಲು ಬಿಡಿ," ಎಂದೆ ಇಂಗ್ಲಿಷಿನಲ್ಲಿ.

"ಮುಗಿಸೇನ್ರಿ," ಎಂದಳು ಸುಜಾತಾ ಕನ್ನಡದಲ್ಲಿ.

ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡು, ಈ ಮಹನೀಯರು ಯಾರು ಎಂದು ಅವಳನ್ನು ಕೇಳಿದರು.

"ನನ್ನ ಗಂಡ. ನನ್ನ ವಿಭಾಗದ ಮುಖ್ಯಸ್ಥರೂ ಹೌದು. ಚೀಲ ಹಿಡಿಯಲು ಬಂದಿದ್ದಾರೆ."

ಅಧ್ಯಕ್ಷೆ ಎದುರಿನ ಕಾಗದದಲ್ಲಿ ಏನನ್ನೋ ಬರೆದುಕೊಂಡರು. ಆಮೇಲೆ ನನ್ನನ್ನೇ ನೋಡುತ್ತ, ನಿಧಾನವಾಗಿ, ತಾವೂ ಮೇಜಿನ ಮೇಲೆ ಗೆಣ್ಣಿನಿಂದ ಎರಡು ಸಲ ಬಡಿದರು. ಕೋಣೆಯೆಲ್ಲ ಮತ್ತೆ ಬಡಿಯತೊಡಗಿತು. ನಾನು ಕೂತೆ.

ಕಾರಿಡಾರ್

ಸಂದರ್ಶನಕ್ಕೆ ಬಾಗಿಲು ಹಾಕಿಕೊಂಡರು. ಹೊರಗೆ ಲೀನಾ ಎಂಬ ವಿದ್ಯಾರ್ಥಿನಿ ನನಗೆ ಕಾಫಿ ತಂದುಕೊಟ್ಟು ಬಹಳ ಸೌಜನ್ಯದಿಂದ ವಿವರಿಸಿದಳು. ಇಲ್ಲಿ ಪಾಠ ಮೆಚ್ಚುಗೆಯಾದರೆ ಚಪ್ಪಾಳೆ ತಟ್ಟುವುದಿಲ್ಲ, ಬೆಂಚು ಬಡಿಯುತ್ತಾರೆ. ಮೊದಲಿನಿಂದ ಬಂದ ರೂಢಿ. ಇವತ್ತು ಬಡಿದಷ್ಟು ಯಾವತ್ತೂ ಬಡಿದಿರಲಿಲ್ಲ.

ನಾನು ಕಾಫಿ ಹಿಡಿದು ಕೂತು ವಿಚಾರ ಮಾಡಿದೆ. ಈ ಲೆಕ್ಕದಲ್ಲಿ ನೋಡಿದರೆ ಇಡೀ ಬೆಳಗಾವಿ ಜಿಲ್ಲೆಯಲ್ಲಿ ನನ್ನಷ್ಟು ಮೆಚ್ಚುಗೆ ಪಡೆದ ಅಧ್ಯಾಪಕ ಇರಲಾರ.

ನಂತರ ಕಾಫಿಗಿಂತ ಕಹಿಯಾದ ಇನ್ನೊಂದು ವಿಚಾರ ಬಂತು. ಅಧ್ಯಕ್ಷೆ ಕಾಗದದಲ್ಲಿ ಬರೆದುಕೊಂಡದ್ದೇನು? ಪಾಠ ಮಾಡಿದವಳು ಅವಳು, ಕೆಡಿಸಿದವನು ನಾನು. ನನಗೆ ಸಿಗದ ಹುದ್ದೆ ಅವಳಿಗೂ ನನ್ನ ದೆಸೆಯಿಂದ ತಪ್ಪಿದರೆ? ಎರಡು ತಿಂಗಳಿಂದ ನಾನು ಬಯಸುತ್ತಿದ್ದುದು ಇದನ್ನೇ. ಕೈಗೆ ಬರುವ ಹಾಗಾದಾಗ ಯಾಕೋ ಬೇಡವೆನಿಸಿತು.

ಸುಜಾತಾ ಹೊರಬಂದು ನನ್ನ ಪಕ್ಕ ಕೂತಳು. ಒಳಗೆ ಮುಂದಿನ ಅಭ್ಯರ್ಥಿಯ ಪಾಠ ಶುರುವಾಯಿತು.

"ಏನ್ ಕೇಳಿದ್ರು?"

"ಭಟ್ಟಿದು ಕೇಳಿದ್ರು. ನಿಮ್ಮದೂ ಒಂದು ಪ್ರಶ್ನೆ ಬಂತು."

"ನಂದೇನು?"

"ನಿಮ್ಮ ಯಜಮಾನ್ರು ಎಲ್ಲಾ ಪಾಠಕ್ಕೂ ಬರ್ತಾರೇನು ಅಂದ್ರು. ಇಲ್ಲ, ಇದ ಮದಲ್ನೇ ಸಲ ಅಂದೆ."

ನನ್ನ ಕೈಯಿಂದ ಕಪ್ಪು ತೆಗೆದುಕೊಂಡು ಉಳಿದ ಕಾಫಿ ಕುಡಿದಳು.

"ಬಡ್ಯಾಕತ್ತಿದಾಗ ಹೊರಗ ಹಾಕ್ತಾರ ಅಂದ್ಕೊಂಡೆ ನೋಡ್ರಿ," ಎಂದಳು. "ಅವತ್ತಿನಂಗ."

"ಯಾವತ್ತು?"

"ಗೊತ್ತೈತಿ ನಿಮಗ. ಅವತ್ತ ಕೇಳಿಸಿತ್ತು ನಿಮಗ. ಕಿಟಕ್ಯಾಗ ನೋಡಿದ್ದೆ ನಿಮ್ಮನ್ನ."

"ಕೇಳಿಸಿತ್ತು," ಎಂದೆ.

"ಇಟ್ಟಂಗಿದೂ ಗೊತ್ತಿತ್ತು."

"ಗೊತ್ತಿತ್ತು."

"ಹೋಗ್ಲಿ ಬಿಡ್ರಿ. ಮಳ್ಯಾಗ ಹೋಗಿ ತಂದ್ರಲ್ಲ. ಇವತ್ತ ಎದ್ದೂ ನಿಂತ್ರಿ. ಯಾವಾಗ ನಿಲ್ಲಬೇಕು ಅನ್ನೂದೊಂದು ತಿಳೀಲಿಲ್ಲ." ನಗು ತಡೆಯಲಾಗದೆ ಸೆರಗು ಬಾಯಿಗೆ ಹಿಡಿದಳು.

ನಾವು ಅಲ್ಲೇ ಕೂತಿರುವಾಗ, ಮುಕ್ಕಾಲು ತಾಸಿಗೆ, ಒಳಗಿನ ಪಾಠ ಮುಗಿದು ಬಡಿತ ಕೇಳಿಸಿತು. ನಾನು ಕೈಗಡಿಯಾರ ನೋಡಿದೆ. ಒಂಬತ್ತು ಸೆಕೆಂಡು. ಸುಜಾತಾಳದು ಎಷ್ಟು ಹೊತ್ತು ನಡೆಯುತ್ತಿತ್ತೆಂದು ಯಾರಿಗೂ ಗೊತ್ತಿಲ್ಲ, ನಡುವೆ ನಿಲ್ಲಿಸಿದವನು ನಾನೇ. ಒಳಗಿದ್ದ ಆ ಅಪರಿಚಿತನ ಒಂಬತ್ತು ಸೆಕೆಂಡಿನ ಮೇಲೆ ನನಗೆ ವಿಪರೀತ ಹೊಟ್ಟೆಕಿಚ್ಚಾಯಿತು. ಅದು ಎರಡು ತಿಂಗಳಲ್ಲಿ ಮೊದಲ ಬಾರಿಗೆ ಮನೆಯ ಹೊರಗಿನವರ ಮೇಲೆ ಬಂದ ಹೊಟ್ಟೆಕಿಚ್ಚು.

ಮತ್ತೆ ಖಾನಾಪುರ

ಮರಳಿದ ಭಾನುವಾರ ಖಾನಾಪುರಕ್ಕೆ ಹೋದಾಗ ಕಿರಾಣಿ ಅಂಗಡಿಯವನು ಮತ್ತೆ ಎದ್ದು ಕೈಮುಗಿದ. ಈ ಸಲ ಅವನ ಜೊತೆ ಇನ್ನಿಬ್ಬರು ಎದ್ದರು. ತಡೆದುಕೊಳ್ಳಲಾಗಲಿಲ್ಲ. ಸುಜಾತಾ ಯಲ್ಲಪ್ಪನಿಗೆ ಬಿರಿದ ಹಂಚಿನ ಫೋಟೋ ತೋರಿಸುತ್ತಿರುವಾಗ ಅತ್ತೆಯವರ ಹೊರಸಿನ ಬಳಿ ಹೋಗಿ ನಿಂತೆ.

"ಅತ್ತಿಯಾರ, ಒಂದು ಮಾತು. ನಾ ಆ ನೌಕರಿ ಒಲ್ಲೆ ಅಂದಿಲ್ಲ. ಅವರ ನನ್ನ ಒಲ್ಲೆ ಅಂದ್ರು."

ಅತ್ತೆ ಅಡಕೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ.

"ಗೊತ್ತೈತಿ ಬಿಡ್ರಿ. ಸುಜಾತಾ ಅವತ್ತ ಹೇಳಿದ್ಲು."

"ಮತ್ತ ಊರಾಗೆಲ್ಲಾ…"

"ನಾನ ಹೇಳೀನಿ, ತ್ಯಾಗ ಮಾಡ್ಯಾರಂತ. ಮನೀ ಅಳಿಯಾರು, ಮರ್ಯಾದಿ ಉಳೀಬೇಕಲ್ಲ. ಕುಂದರ್ರಿ, ಚಾ ಕುಡೀರಿ. ಅಲ್ಲೆ ಆಲೂಗಡ್ಡಿ ತಿಂದಿಲ್ಲ ಹೌದಲ್ಲ?"

"ಇಲ್ರಿ," ಎಂದೆ. ಒಂದು ದಿನಕ್ಕೆ ಒಂದು ಸತ್ಯ ಸಾಕೆನಿಸಿತು.

ಆಚೆ ಯಲ್ಲಪ್ಪ ಫೋಟೋವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡುತ್ತಿದ್ದ. "ಹಂಚು ಅಡ್ಡಿಯಿಲ್ರಿ ಅಕ್ಕಾರ," ಎಂದ. "ಇಟ್ಟಂಗಿ ಭಾರೀ ಚಲೋ ಅದಾವ. ಯಾರು ಆರಿಸ್ಯಾರ?"

"ಇವರು," ಎಂದು ಸುಜಾತಾ ನನ್ನನ್ನು ತೋರಿಸಿದಳು.

ಹತ್ತು ವಾರಗಳ ನಂತರ ಪತ್ರ ಬಂತು. ಆಯ್ಕೆಯಾದ ಮೂವರ ಪಟ್ಟಿಯಲ್ಲಿ ಸುಜಾತಾಳ ಹೆಸರು ಮೊದಲನೆಯದಾಗಿತ್ತು, ಹಾಗಾಗಿ ಹುದ್ದೆ ಅವಳದೇ. ಚಳಿಗಾಲದ ಸೆಮಿಸ್ಟರಿನಿಂದ ಅವಳು ಅಲ್ಲಿ ಪ್ರಾಧ್ಯಾಪಕಿ; ಸೋಮವಾರ ಮತ್ತು ಗುರುವಾರ ತರಗತಿ.